ಒಗರಿನ ಗುಟ್ಟು: ತೊಗಲಿಗೆ ಗಿಡದ ಬಣ್ಣ ಹಿಡಿಸುವ ಬಗೆ

ಅಡಿಕೆ ಕೊಯ್ಲಿನ ಕಾಲದಲ್ಲಿ ಗುಬ್ಬಿ ಕಡೆಯ ಯಾವುದಾದರೂ ತೋಟದ ಮನೆಗೆ ಹೋಗಿ, ಹಸಿ ಅಡಿಕೆ ಸುಲಿಯಲು ಕೂತವರ ಕೈ ನೋಡಿ. ಬೆರಳ ತುದಿ, ಉಗುರಿನ ಸಂದು, ಅಂಗೈಯ ಗೆರೆ ಎಲ್ಲವೂ ಕಪ್ಪು. ಸೋಪು ಹಾಕಿ ತಿಕ್ಕಿದರೂ ಅದು ಜಗ್ಗುವುದಿಲ್ಲ. ಮೇಲಿನ ಚರ್ಮ ತಾನಾಗಿ ಸವೆದು ಹೊಸದು ಬಂದ ಮೇಲೇ ಕೈ ತಿಳಿಯಾಗುವುದು. ಯಾರೂ ಬಯಸದೆ, ಯಾರೂ ಹಚ್ಚದೆ ಚರ್ಮಕ್ಕೆ ಹಿಡಿದ ಬಣ್ಣ ಅದು.

ಅದೇ ಅಡಿಕೆಯ ಚೊಗರನ್ನು, ಅಂದರೆ ಅಡಿಕೆ ಬೇಯಿಸಿ ಉಳಿದ ನೀರನ್ನು, ಮುತುವರ್ಜಿಯಿಂದ ಸೋಸಿ ತೊಗಲಿನ ಚೀಲಕ್ಕೋ ಬೆಲ್ಟಿಗೋ ಹಚ್ಚಿದವರ ದೂರು ಮಾತ್ರ ಬೇರೆ: ‘ಬಣ್ಣ ಬಿಳಿ ಅಂಗಿಗೆಲ್ಲ ಹತ್ತಿತು’, ‘ಒಂದು ಮಳೆಗೇ ಮಚ್ಚೆ ಬಿತ್ತು’, ‘ಬಣ್ಣವೇನೋ ಬಂತು, ತೊಗಲು ಹಲಗೆಯಂತಾಯಿತು’. ಇವರಲ್ಲಿ ಹೆಚ್ಚಿನವರು ಬಟ್ಟೆಗೆ ಬಣ್ಣ ಹಾಕುವ ವಿಧಾನವನ್ನೇ ತೊಗಲಿಗೂ ಬಳಸಿದವರು. ತೊಂದರೆ ಹುಟ್ಟುವುದು ಅಲ್ಲೇ. ಹತ್ತಿ ಬಟ್ಟೆ ಕುದಿಯನ್ನೂ ಸೋಡಾವನ್ನೂ ತಾಳಿಕೊಳ್ಳುತ್ತದೆ. ತೊಗಲು ಎರಡನ್ನೂ ತಾಳುವುದಿಲ್ಲ. ಬಟ್ಟೆಗೆ ಬಣ್ಣ ಹಿಡಿಯಲು ಬೇಕಾದ ಒಗರನ್ನು ನಾವು ಹೊರಗಿನಿಂದ ಕೊಡಬೇಕು. ತೊಗಟೆಯಲ್ಲಿ ಹದವಾದ ತೊಗಲಿನಲ್ಲಿ ಅದು ಮೊದಲೇ ತುಂಬಿರುತ್ತದೆ. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬಣ್ಣ ಯಾಕೆ ನಿಲ್ಲುತ್ತದೆ?

ಎಳೆ ಅಡಿಕೆಯನ್ನೋ ಬಲಿಯದ ನೇರಳೆಯನ್ನೋ ಕಚ್ಚಿದರೆ ನಾಲಿಗೆ ಒಣಗಿ ಜುಮ್ಮೆನ್ನುತ್ತದೆ. ಆ ರುಚಿಗೆ ನಮ್ಮ ಭಾಷೆಯಲ್ಲಿ ಒಗರು ಎಂಬ ಸೊಗಸಾದ ಹೆಸರಿದೆ. ಹಣ್ಣಿನಲ್ಲಿರುವ ಟ್ಯಾನಿನ್ ಎಂಬ ವಸ್ತು ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಂಟು ಕಟ್ಟಿಸುವುದರಿಂದ ಬಾಯಿ ಹಾಗೆ ಒಣಗಿದಂತಾಗುತ್ತದೆ. ಪ್ರಾಣಿಯ ತೊಗಲೂ ಪ್ರೋಟೀನೇ. ಅದನ್ನು ಒಗರು ನೀರಿನಲ್ಲಿ ನೆನೆಹಾಕಿದಾಗ ಟ್ಯಾನಿನ್ ಅದರ ಎಳೆಗಳ ನಡುವೆ ಸೇರಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತೊಗಲು ಕೊಳೆಯದೆ ಉಳಿಯುತ್ತದೆ. ಇದನ್ನೇ ಚರ್ಮ ಹದ ಮಾಡುವುದು ಎನ್ನುವುದು.

ಹದವಾದ ತೊಗಲಿಗೆ ಗಿಡದ ಬಣ್ಣ ಹಚ್ಚಿದಾಗ ಸ್ವಲ್ಪ ಭಾಗ ತಾನಾಗಿಯೇ ಹಿಡಿಯುತ್ತದೆ, ಉಳಿದದ್ದು ಮೇಲೆ ಕುಳಿತಿರುತ್ತದೆ. ಅಂಗಿಗೆ ಹತ್ತುವುದು ಹೀಗೆ ಮೇಲೆ ಕುಳಿತ ಬಣ್ಣ. ಅದನ್ನು ಒಳಗೆ ಕಟ್ಟಿಹಾಕಲು ಒಂದು ಕೊಂಡಿ ಬೇಕು. ಪಟಿಕದಲ್ಲಿರುವ ಅಲ್ಯೂಮಿನಿಯಂ, ಅನ್ನಭೇದಿಯಲ್ಲಿರುವ ಕಬ್ಬಿಣ ಅಂಥ ಕೊಂಡಿಗಳು. ಲೋಹದ ಕಣ ಒಂದು ಕಡೆ ತೊಗಲಿನ ಪ್ರೋಟೀನನ್ನೂ ಇನ್ನೊಂದು ಕಡೆ ಬಣ್ಣದ ಕಣವನ್ನೂ ಹಿಡಿದುಕೊಳ್ಳುತ್ತದೆ; ಹೀಗೆ ಸೇರಿದ ಬಣ್ಣ ನೀರಿಗೆ ಕರಗದಂತೆ ಕೂರುತ್ತದೆ. ಇಂಥ ವಸ್ತುವಿಗೆ ಬಣ್ಣಬಂಧಕ ಎನ್ನೋಣ. ಅಂಗಡಿಯಲ್ಲಿ ಮಾರ್ಡೆಂಟ್ ಎಂದರೆ ಗೊತ್ತಾಗುತ್ತದೆ. ಬಂಧಕ ಬಣ್ಣವನ್ನು ನಿಲ್ಲಿಸುವುದರ ಜೊತೆಗೆ ಅದರ ಛಾಯೆಯನ್ನೂ ಬದಲಿಸುತ್ತದೆ. ಅಡಿಕೆ ಸುಲಿಯುವವರ ಕೈ ಅಷ್ಟು ಕಪ್ಪಾಗುವುದರಲ್ಲಿ ಇದರ ಪಾಲೂ ಇದೆ: ಅಡಿಕೆಯ ಒಗರು, ಕತ್ತಿಯ ಕಬ್ಬಿಣ, ಕೈಯ ಚರ್ಮ ಮೂರೂ ಒಂದೇ ಕಡೆ ಸೇರಿದವು.

ಹಿನ್ನೆಲೆ ಚುಟುಕಾಗಿ

ತುಮಕೂರಿನ ಕುರುಚಲು ಕಾಡಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ನಿಮಗೆ ಗೊತ್ತು. ಆವರಿಕೆ ಎಂದೂ ಕರೆಯುತ್ತಾರೆ. ಅದರ ಚಕ್ಕೆ, ಜೊತೆಗೆ ಅಳಲೆಕಾಯಿ, ದಕ್ಷಿಣ ಭಾರತದಲ್ಲಿ ತೊಗಲು ಹದ ಮಾಡುವವರ ಮುಖ್ಯ ಸರಕಾಗಿದ್ದವು. ಹದವಾದ ತೊಗಲಿಗೆ ಹೊಂಗೆ ಎಣ್ಣೆ ಹಚ್ಚುತ್ತಿದ್ದರು. ಹೀಗೆ ತಯಾರಾದ ಸರಕು ‘ಈಸ್ಟ್ ಇಂಡಿಯಾ’ ತೊಗಲು ಎಂಬ ಹೆಸರಿನಲ್ಲಿ ಮದ್ರಾಸಿನಿಂದ ಹೊರದೇಶಗಳಿಗೆ ಹೋಗುತ್ತಿತ್ತು. ಈ ವಿದ್ಯೆಯನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದವರು ನಮ್ಮ ಊರುಗಳ ಮಾದಿಗ, ಸಮಗಾರ ಮುಂತಾದ ಸಮುದಾಯದವರು. ಅವರ ಕೈಯ ಚಪ್ಪಲಿ ಮೆಟ್ಟಿದ ಸಮಾಜ ಆ ಕೈಗೆ ಕೊಡಬೇಕಾದ ಗೌರವ ಕೊಡಲಿಲ್ಲ. ಇಂದು ಹವ್ಯಾಸಕ್ಕೋ ವ್ಯಾಪಾರಕ್ಕೋ ಈ ಕೆಲಸಕ್ಕೆ ಇಳಿಯುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

20ನೇ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಹದವನ್ನು, ಅಂದರೆ ಒಗರಿನ ಬದಲು ಕ್ರೋಮಿಯಂ ಲವಣದಿಂದ ತೊಗಲು ಹದ ಮಾಡುವ ವಿಧಾನವನ್ನು, ಪ್ರಚಾರಕ್ಕೆ ತಂದರು. ಮುಂದೆ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರೂ ಆದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. ಇಂದು ಅಂಗಡಿಯಲ್ಲಿ ಸಿಗುವ ತೊಗಲಿನಲ್ಲಿ ಬಹುಪಾಲು ಕ್ರೋಮಿನದೇ. ಚಕ್ಕೆ, ಅಳಲೆಕಾಯಿಯ ಹದ ಇಂದಿಗೂ ಉಳಿದಿರುವ ಕಡೆಗಳಲ್ಲಿ ಅಥಣಿ, ನಿಪ್ಪಾಣಿ ಭಾಗದ ಕೊಲ್ಹಾಪುರಿ ಚಪ್ಪಲಿ ಕಸುಬೂ ಒಂದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು.

ಮೊದಲು ತೊಗಲನ್ನು ಗುರುತಿಸಿ

ಈ ಲೇಖನದ ವಿಧಾನಗಳೆಲ್ಲ ಗಿಡದ ಒಗರಿನಲ್ಲಿ ಹದವಾದ ತೊಗಲಿಗೆ. ಕೊಳ್ಳುವಾಗ ‘ವೆಜ್ ಟ್ಯಾನ್, ಬಣ್ಣ ಹಾಕದ್ದು, ಪಾಲಿಶ್ ಇಲ್ಲದ್ದು’ ಎಂದು ಕೇಳಿ. ಕೈಯಲ್ಲಿ ಈಗಾಗಲೇ ಇರುವ ತುಂಡು ಯಾವ ಬಗೆಯದೆಂದು ತಿಳಿಯಲು ಮೂರು ಪರೀಕ್ಷೆಗಳಿವೆ.

1. ಅಂಚು ಕತ್ತರಿಸಿ ನೋಡಿ. ಒಳಗೂ ಹೊರಗೂ ಒಂದೇ ತರಹದ ತೆಳು ಕಂದು ಇದ್ದರೆ ಗಿಡದ ಹದ. ನಡುವೆ ತಿಳಿ ನೀಲಿ ಅಥವಾ ಬೂದು ಗೆರೆ ಕಂಡರೆ ಕ್ರೋಮ್.
2. ಒಂದು ಹನಿ ನೀರು ಬಿಡಿ. ಗಿಡದ ಹದದ ತೊಗಲು ನೀರನ್ನು ಬೇಗ ಹೀರಿ ಆ ಜಾಗ ಕಪ್ಪಾಗಿ ಕಾಣುತ್ತದೆ. ಹನಿ ಮುತ್ತಿನಂತೆ ನಿಂತರೆ ಮೇಲೆ ಮೇಣವೋ ಪ್ಲಾಸ್ಟಿಕ್ ಲೇಪವೋ ಇದೆ. ಬಣ್ಣ ಒಳಗೆ ಇಳಿಯುವುದಿಲ್ಲ.
3. ಅನ್ನಭೇದಿಯ ತೆಳು ನೀರನ್ನು ಒಂದು ಹನಿ ಒಳಮೈಗೆ ಬಿಡಿ. ಒಗರಿದ್ದರೆ ನಿಮಿಷದೊಳಗೆ ಬೂದಿ ಅಥವಾ ಕಪ್ಪು ಬಣ್ಣ ಬರುತ್ತದೆ. ಕ್ರೋಮ್ ತೊಗಲು ಹೀಗೆ ಕಪ್ಪಾಗುವುದಿಲ್ಲ.

ಸುಟ್ಟು ನೋಡುವ ಪರೀಕ್ಷೆಯೂ ರೂಢಿಯಲ್ಲಿದೆ. ಕ್ರೋಮ್ ತೊಗಲು ಸುಟ್ಟಾಗ ಆರೋಗ್ಯಕ್ಕೆ ಹಾನಿಕರವಾದ ಕ್ರೋಮಿಯಂ ರೂಪ ಹುಟ್ಟಬಹುದು. ಆದ್ದರಿಂದ ಆ ಪರೀಕ್ಷೆ ಬೇಡ.

ಯಾವ ಬಂಧಕ, ಯಾವ ಕೆಲಸಕ್ಕೆ?

ಪಟಿಕ: ಕ್ಷೌರದಂಗಡಿಯಲ್ಲಿ ನೋಡಿರುವ ಅದೇ ಬಿಳಿ ಹರಳು. ಬಣ್ಣವನ್ನು ತಿಳಿಯಾಗಿ, ಹೊಳಪಾಗಿ ಇಡುತ್ತದೆ. ಹಳದಿ, ಕೆಂಪು ಬಣ್ಣಗಳಿಗೆ ಇದೇ ಬೇಕು. ಬಣ್ಣ ಹಾಕುವ ಮೊದಲು ಕೊಡುವುದು ಒಳ್ಳೆಯದು. ಅಳತೆ: 100 ಗ್ರಾಂ ಒಣ ತೊಗಲಿಗೆ 5 ಗ್ರಾಂ ಪಟಿಕ, 1 ಲೀಟರ್ ನೀರು.

ಅನ್ನಭೇದಿ: ತೆಳು ಹಸಿರು ಹರಳು; ರಸಾಯನಶಾಸ್ತ್ರದಲ್ಲಿ ಫೆರಸ್ ಸಲ್ಫೇಟ್. ಹಳದಿಯನ್ನು ಪಾಚಿ ಹಸಿರಿಗೆ, ಕಂದನ್ನು ಕಪ್ಪಿಗೆ ಎಳೆಯುತ್ತದೆ. ಇದನ್ನು ಕೊನೆಗೆ, ಬಣ್ಣವೆಲ್ಲ ಹಿಡಿದ ಮೇಲೆ, ಬ್ರಷ್ಷಿನಿಂದ ಹಚ್ಚಿ. ಅಳತೆ: 1 ಲೀಟರ್ ನೀರಿಗೆ 2 ಗ್ರಾಂ, ಎಂದರೆ ಅರ್ಧ ಟೀ ಚಮಚಕ್ಕೂ ಕಡಿಮೆ. ಈ ಅಳತೆ ಮೀರಬೇಡಿ.

ಬೆಲ್ಲ–ಕಬ್ಬಿಣದ ನೀರು: ಅನ್ನಭೇದಿ ಸಿಗದಿದ್ದರೆ ಕಲಂಕಾರಿ ಕಲಾವಿದರ ಹಾದಿ ಹಿಡಿಯಬಹುದು. 1 ಲೀಟರ್ ನೀರಿಗೆ 100 ಗ್ರಾಂ ತುಕ್ಕು ಹಿಡಿದ ಮೊಳೆ, 100 ಗ್ರಾಂ ಬೆಲ್ಲ ಹಾಕಿ ಮಣ್ಣಿನ ಗಡಿಗೆಯಲ್ಲಿ ಎರಡು ವಾರ ಇಡಿ. ಬಾಯಿಗೆ ಬಟ್ಟೆ ಕಟ್ಟಿ. ಹುಳಿಯುವಾಗ ಗಾಳಿ ಹುಟ್ಟುವುದರಿಂದ ಬಿಗಿ ಮುಚ್ಚಳ ಹಾಕಬಾರದು. ನೊರೆ ಇಳಿದ ಮೇಲೆ ಸೋಸಿ, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಬಳಸಿ. ಇದರ ತೀಕ್ಷ್ಣತೆ ಪ್ರತಿ ಬಾರಿಯೂ ಬೇರೆಯಾಗುತ್ತದೆ. ಹಾಗಾಗಿ ಚೂರಿನ ಮೇಲೆ ಪರೀಕ್ಷಿಸದೆ ದೊಡ್ಡ ತುಂಡಿಗೆ ಹಚ್ಚಬೇಡಿ.

ಅಳಲೆಕಾಯಿ: ಇದು ಲೋಹವಲ್ಲ, ಒಗರು. ಹಳೆಯದಾಗಿ ಒಗರು ಕಳೆದುಕೊಂಡ ಅಥವಾ ತೆಳುವಾಗಿ ಹದವಾದ ತೊಗಲಿಗೆ ಮೊದಲು ಅಳಲೆ ನೀರು ಕುಡಿಸಿದರೆ ಮುಂದಿನ ಬಣ್ಣ ಸಮನಾಗಿ ಹಿಡಿಯುತ್ತದೆ. ಕಬ್ಬಿಣ ತಾಕಿಸಿದರೆ ಕಡುಗಪ್ಪು ಬರುತ್ತದೆ.

ಮೈಲುತುತ್ತವನ್ನು ಮನೆಯ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಬೋರ್ಡೋ ದ್ರಾವಣಕ್ಕೆಂದು ತಂದದ್ದು ತೋಟದ ಮನೆಯಲ್ಲಿ ಇದ್ದೇ ಇರುತ್ತದೆ, ಸುಂದರ ಹಸಿರು ಛಾಯೆಯನ್ನೂ ಕೊಡುತ್ತದೆ ನಿಜ. ಉಳಿದ ನೀರು ಕೆರೆಗೆ ಸೇರಿದರೆ ಮೀನುಗಳಿಗೆ ಅದು ವಿಷ. ಹಳೆಯ ಪುಸ್ತಕಗಳಲ್ಲಿ ಕಾಣುವ ಡೈಕ್ರೋಮೇಟನ್ನಂತೂ ಮುಟ್ಟಲೇಬೇಡಿ, ಅದು ಕ್ಯಾನ್ಸರ್‌ಕಾರಕ.

ನಮ್ಮ ಸುತ್ತಲಿನ ಬಣ್ಣಗಳು

ಹಲಸಿನ ಚೇಗು: ಹಲಸಿನ ಮರದ ನಡುವಿನ ಹಳದಿ ಚೇಗಿನಲ್ಲಿ ಮೋರಿನ್ ಎಂಬ ಬಣ್ಣವಿದೆ; ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕೊಟ್ಟದ್ದೂ ಹಲಸಿನ ಮರವೇ. ಬಾಗಿಲು, ವೀಣೆ ಮಾಡುವ ಬಡಗಿಗಳ ಹತ್ತಿರ ಇದರ ಹೊಟ್ಟು ಸಿಗುತ್ತದೆ. ಪಟಿಕದೊಂದಿಗೆ ಜೇನಿನಂಥ ಹಳದಿ, ಕಬ್ಬಿಣದೊಂದಿಗೆ ಪಾಚಿ ಹಸಿರು.

ಅಡಿಕೆ ಚೊಗರು: ಅಡಿಕೆ ಬೇಯಿಸಿ ಉಳಿದ ಕೆಂಪು ನೀರು. ಸಾಗರ ತಾಲ್ಲೂಕಿನ ಹೆಗ್ಗೋಡಿನ ‘ಚರಕ’ ಸಂಸ್ಥೆ ಇದನ್ನು ಕೈಮಗ್ಗದ ಬಟ್ಟೆಯ ಬಣ್ಣವಾಗಿ ನಾಡಿಗೆ ಪರಿಚಯಿಸಿತು. ಸ್ವತಃ ಒಗರಾದ್ದರಿಂದ ತೊಗಲಿಗೆ ಇದರಷ್ಟು ಹೊಂದುವ ಬಣ್ಣ ಇನ್ನೊಂದಿಲ್ಲ. ಬರೀ ಚೊಗರಿಗೆ ಇಟ್ಟಿಗೆಗೆಂಪು ಕಂದು, ಕಬ್ಬಿಣ ತಾಕಿಸಿದರೆ ಕಾಫಿಗಪ್ಪು.

ದಾಳಿಂಬೆ ಸಿಪ್ಪೆ: ಜ್ಯೂಸ್ ಅಂಗಡಿಯಲ್ಲಿ ಕೇಳಿದರೆ ಚೀಲಗಟ್ಟಲೆ ಕೊಡುತ್ತಾರೆ. ನೆರಳಿನಲ್ಲಿ ಒಣಗಿಸಿಟ್ಟರೆ ವರ್ಷವಿಡೀ ಬಳಸಬಹುದು. ಪಟಿಕದೊಂದಿಗೆ ಮಂಕು ಹಳದಿ, ಕಬ್ಬಿಣದೊಂದಿಗೆ ಬೂದುಗಪ್ಪು.

ಮಂಜಿಷ್ಠ: ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಬೇರು. ಪಟಿಕ ಕುಡಿದ ತೊಗಲಿಗೆ ಹಾಕಿದರೆ ಹೆಂಚಿನ ಕೆಂಪು. 100 ಗ್ರಾಂ ತೊಗಲಿಗೆ 50 ಗ್ರಾಂ ಪುಡಿ ಸಾಕು.

ಅರಿಶಿನ, ಬೀಟ್‌ರೂಟ್, ದಾಸವಾಳವನ್ನು ಬಿಟ್ಟುಬಿಡಿ. ಹಚ್ಚಿದ ದಿನ ಕಣ್ಣು ಕೋರೈಸುತ್ತವೆ, ಬಿಸಿಲಿಗೆ ಬೇಗ ಹಾರಿಹೋಗುತ್ತವೆ. ಯಾವ ಬಂಧಕವೂ ಅವನ್ನು ಹೆಚ್ಚು ಕಾಲ ಉಳಿಸಲಾರದು.

ಹೊಂದಿಸಿಕೊಳ್ಳಬೇಕಾದ್ದು

- ಸ್ಟೀಲ್ ಅಥವಾ ಮಣ್ಣಿನ ಪಾತ್ರೆ. ಕಬ್ಬಿಣದ ಬಾಣಲೆ, ತಾಮ್ರ, ಹಿತ್ತಾಳೆ ಬೇಡ. ಪಾತ್ರೆಯೇ ಬಂಧಕವಾಗಿ ಬಣ್ಣ ಕೆಡಿಸುತ್ತದೆ. ಈ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು.
- ಗ್ರಾಂ ತೋರಿಸುವ ಚಿಕ್ಕ ತಕ್ಕಡಿ. 2 ಮಿ.ಮೀ. ದಪ್ಪದ ಒಂದು ಚದರ ಅಡಿ ತೊಗಲು ಸುಮಾರು 140 ಗ್ರಾಂ ತೂಗುತ್ತದೆ.
- ಥರ್ಮಾಮೀಟರ್, ರಬ್ಬರ್ ಕೈಗವಸು, ಎರಡು ಚಪ್ಪಟೆ ಬ್ರಷ್. ಒಂದರ ಹಿಡಿಗೆ ಕೆಂಪು ದಾರ ಕಟ್ಟಿ, ಅದು ಕಬ್ಬಿಣದ ನೀರಿಗೆ ಮಾತ್ರ.
- ಮಳೆ ನೀರು ಅಥವಾ ಫಿಲ್ಟರ್ ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು; ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಿ. ಅದರಲ್ಲಿ ಕಬ್ಬಿಣದ ಅಂಶವೂ ಇದ್ದರೆ ಹಳದಿ ಮಂಕಾಗುತ್ತದೆ, ಕಪ್ಪು ಚುಕ್ಕಿ ಏಳುತ್ತದೆ.
- ಹೊಂಗೆ ಎಣ್ಣೆ ಅಥವಾ ಹರಳೆಣ್ಣೆ, ಜೇನುಮೇಣ, ಹಳೆಯ ಹತ್ತಿ ಬಟ್ಟೆ.

ಮಾಡುವ ಕ್ರಮ: ಹಲಸಿನ ಹಳದಿ

100 ಗ್ರಾಂ ತೂಕದ ತುಂಡಿಗೆ ಲೆಕ್ಕ ಹಾಕಿ ಕೊಟ್ಟಿದ್ದೇನೆ.

1. ಹಿಂದಿನ ರಾತ್ರಿ 100 ಗ್ರಾಂ ಹಲಸಿನ ಹೊಟ್ಟನ್ನು ಒಂದೂವರೆ ಲೀಟರ್ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಒಂದು ಗಂಟೆ ಕಾಯಿಸಿ. ಸುಮಾರು ಒಂದು ಲೀಟರಿಗೆ ಇಳಿದಾಗ ಬಟ್ಟೆಯಲ್ಲಿ ಎರಡು ಸಲ ಸೋಸಿ. ಹೊಟ್ಟಿನ ಒಂದು ಕಣ ಉಳಿದರೂ ತೊಗಲಿನ ಮೇಲೆ ಚುಕ್ಕಿಯಾಗುತ್ತದೆ.
2. ಬಣ್ಣ ಆರುತ್ತಿರುವಾಗ ತೊಗಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಣ್ಣೀರಿನಲ್ಲಿ ಹದಿನೈದು ನಿಮಿಷ ನೆನೆಸಿ. ಒಣ ತೊಗಲಿಗೆ ನೇರವಾಗಿ ಬಣ್ಣ ಹಾಕಿದರೆ ಮೊದಲು ತಾಕಿದ ಜಾಗವೇ ಎಲ್ಲವನ್ನೂ ಹೀರಿ ಪಟ್ಟೆ ಬೀಳುತ್ತದೆ.
3. 5 ಗ್ರಾಂ ಪಟಿಕವನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ. ತೊಗಲನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿ, ಆಗಾಗ ಮಗುಚಿ. ತೆಗೆದು ಒಮ್ಮೆ ತೊಳೆದು, ಹಿಂಡದೆ ಬಟ್ಟೆಯ ನಡುವೆ ಒತ್ತಿ.
4. ಬಣ್ಣದ ನೀರು 40 ಡಿಗ್ರಿಗೆ ಇಳಿದಿದೆಯೇ ನೋಡಿ. ಥರ್ಮಾಮೀಟರ್ ಇಲ್ಲದಿದ್ದರೆ, ಮಗುವಿಗೆ ಎರೆಯುವ ನೀರಿನಷ್ಟು ಹದವಾದ ಬಿಸಿ ಎಂದುಕೊಳ್ಳಿ. ತೊಗಲನ್ನು ಬಿಚ್ಚಿ, ಮಡಿಕೆ ಬೀಳದಂತೆ ಮುಳುಗಿಸಿ. ಒಂದು ಗಂಟೆ ಇಡಿ, ಐದು ನಿಮಿಷಕ್ಕೊಮ್ಮೆ ಆಡಿಸುತ್ತಿರಿ.
5. ಬೇಕಾದ ಬಣ್ಣಕ್ಕಿಂತ ಎರಡು ಪಟ್ಟು ಗಾಢವಾಗಿ ಕಾಣುವವರೆಗೆ ಕಾಯಿರಿ. ಒದ್ದೆ ತೊಗಲು ಯಾವಾಗಲೂ ಸುಳ್ಳು ಹೇಳುತ್ತದೆ. ಒಣಗಿದಾಗ ಬಣ್ಣ ತೆಳುವಾಗುತ್ತದೆ. ಸಾಲದಿದ್ದರೆ ನೆರಳಿನಲ್ಲಿ ಅರ್ಧ ಒಣಗಿಸಿ ಮತ್ತೆ ಅದ್ದಿ. ಒಂದು ಸಲ ದಟ್ಟ ಬಣ್ಣದಲ್ಲಿ ಅದ್ದುವುದಕ್ಕಿಂತ ಮೂರು ಸಲ ತೆಳು ಬಣ್ಣದಲ್ಲಿ ಅದ್ದಿದರೆ ಬಣ್ಣ ಚೆನ್ನಾಗಿ ನಿಲ್ಲುತ್ತದೆ.
6. ತಣ್ಣೀರಿನಲ್ಲಿ ತೊಳೆಯಿರಿ. ನೀರು ತಿಳಿಯಾಗುವವರೆಗೆ ಮೂರೋ ನಾಲ್ಕೋ ಸಲ ಬದಲಿಸಿ. ಬೇಸರವೆಂದು ಈ ಹಂತ ಬಿಟ್ಟರೆ, ಬಿಟ್ಟ ಬಣ್ಣವೆಲ್ಲ ನಿಮ್ಮ ಅಂಗಿಗೇ ಬರುತ್ತದೆ.
7. ಚಪ್ಪಟೆ ಹಲಗೆಯ ಮೇಲೆ, ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದೆರಡು ದಿನ ಒಣಗಿಸಿ. ಇನ್ನೂ ತುಸು ತೇವ ಇರುವಾಗಲೇ ಒಳಮೈಗೆ ಎಣ್ಣೆಯನ್ನು ತೆಳುವಾಗಿ ಸವರಿ, ಕೈಯಿಂದ ಮಡಿಸಿ ಬಿಡಿಸಿ ಮೆದುಗೊಳಿಸಿ. ನೀರು ಆರುವ ಜಾಗಕ್ಕೆ ಎಣ್ಣೆ ಇಳಿದು ಎಳೆಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತದೆ. ಹೊಂಗೆ ಎಣ್ಣೆಯ ವಾಸನೆ ಕೆಲವು ದಿನ ಇರುತ್ತದೆ. ಒಗ್ಗದವರು ಹರಳೆಣ್ಣೆ ಬಳಸಿ.
8. ಪೂರ್ತಿ ಒಣಗಿದ ಮೇಲೆ ಒಂದು ಪಾಲು ಜೇನುಮೇಣ, ಮೂರು ಪಾಲು ಎಣ್ಣೆ ಸೇರಿಸಿ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಆರಿದ ಮೇಲೆ ಬಟ್ಟೆಯಿಂದ ಮೇಲ್ಮೈಗೆ ತಿಕ್ಕಿ, ಹೊಳಪು ಬರುವವರೆಗೆ ಒರೆಸಿ.

ಮಾಡುವ ಕ್ರಮ: ಅಡಿಕೆಯ ಕಂದು, ಅದರಿಂದ ಕಪ್ಪು

1. ಗಟ್ಟಿ ಚೊಗರಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಸೋಸಿ. ಚೊಗರು ಸಿಗದಿದ್ದರೆ 100 ಗ್ರಾಂ ಒಡಕಲು ಅಡಿಕೆಯನ್ನು ಜಜ್ಜಿ, ಒಂದೂವರೆ ಲೀಟರ್ ನೀರಿನಲ್ಲಿ ಒಂದು ಗಂಟೆ ಕುದಿಸಿ ಸೋಸಿಕೊಳ್ಳಿ. ಬಳಸುವ ಮೊದಲು ಆರಬೇಕು.
2. ಇದಕ್ಕೆ ಮೊದಲು ಪಟಿಕ ಕೊಡುವ ಅಗತ್ಯವಿಲ್ಲ. ನೆನೆಸಿದ ತೊಗಲಿಗೆ ಬ್ರಷ್ಷಿನಿಂದ, ಮೊದಲ ಸಲ ಉದ್ದಕ್ಕೆ, ಎರಡನೆಯ ಸಲ ಅಡ್ಡಕ್ಕೆ, ಮೂರನೆಯ ಸಲ ಸುತ್ತಿಸುತ್ತ ಹಚ್ಚಿ. ಪ್ರತಿ ಸಲಕ್ಕೂ ನಡುವೆ ಇಪ್ಪತ್ತು ನಿಮಿಷ ಬಿಡಿ. ಕಂದು ಸಾಕೆನಿಸಿದರೆ ಇಲ್ಲಿಗೇ ನಿಲ್ಲಿಸಿ, ತೊಳೆದು ಒಣಗಿಸಿ.
3. ಕಪ್ಪು ಬೇಕಾದರೆ, ಹೆಚ್ಚಿನ ಚೊಗರನ್ನು ತೊಳೆದು ತೆಗೆದ ಮೇಲೆ ಅನ್ನಭೇದಿಯ ನೀರನ್ನು ಕೆಂಪು ದಾರದ ಬ್ರಷ್ಷಿನಿಂದ ಒಂದೇ ಒಂದು ಸಲ ಎಳೆಯಿರಿ. ಬ್ರಷ್ ಹೋದ ಹಾದಿಯಲ್ಲೇ ಕಂದು ಬೂದಿಯಾಗಿ, ಬೂದಿ ನೋಡುತ್ತಿದ್ದಂತೆ ಮೋಡ ಕವಿದ ಹಾಗೆ ಕಪ್ಪಾಗುತ್ತದೆ. ಈ ಕೆಲಸದಲ್ಲಿ ಪ್ರತಿ ಸಲವೂ ನನ್ನನ್ನು ಹಿಡಿದು ನಿಲ್ಲಿಸುವ ಗಳಿಗೆ ಅದು. ಅಲ್ಲೇ ಕೈ ತಡೆಯಬೇಕು. ಹತ್ತು ಹದಿನೈದು ನಿಮಿಷ ಬಣ್ಣ ತಾನಾಗಿ ಗಾಢವಾಗುತ್ತ ಹೋಗುತ್ತದೆ. ಸಾಲದೆನಿಸಿದರೆ ಕಬ್ಬಿಣ ಹೆಚ್ಚಿಸಬೇಡಿ. ಮತ್ತೊಂದು ಸಲ ಚೊಗರು ಕೊಟ್ಟು ನೋಡಿ.
4. ಚೆನ್ನಾಗಿ ತೊಳೆಯಿರಿ. ಒಂದು ಲೀಟರ್ ನೀರಿಗೆ 5 ಗ್ರಾಂ ಅಡುಗೆ ಸೋಡಾ ಕರಗಿಸಿ, ಬಟ್ಟೆ ಅದ್ದಿ ಒಮ್ಮೆ ಒರೆಸಿ, ಕೂಡಲೇ ಮತ್ತೆ ತಣ್ಣೀರಿನಲ್ಲಿ ತೊಳೆಯಿರಿ. ಅನ್ನಭೇದಿ ಉಳಿಸುವ ಹುಳಿ ಇದರಿಂದ ತಗ್ಗುತ್ತದೆ. ಒಣಗಿಸುವುದು, ಎಣ್ಣೆ, ಮೇಣ ಹಿಂದಿನಂತೆಯೇ.

ಎಚ್ಚರಿಕೆಗಳು

- ಅನ್ನಭೇದಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ಅಪಾಯ. ಡಬ್ಬಿಯ ಮೇಲೆ ಹೆಸರು ಬರೆಯಿರಿ. ಪುಡಿ ತೂಗುವಾಗ ಮೂಗು, ಬಾಯಿ ಮುಚ್ಚಿಕೊಳ್ಳಿ.
- ಉಳಿದ ಬಂಧಕದ ನೀರನ್ನು ಧಾರಾಳ ನೀರು ಬೆರೆಸಿ, ಬಾವಿ ಮತ್ತು ಕೆರೆಯಿಂದ ದೂರದ ಮಣ್ಣಿಗೆ ಸುರಿಯಿರಿ. ಬೆಂದ ಹೊಟ್ಟು, ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ.
- ಬಣ್ಣಕ್ಕಾಗಿ ಹಸಿ ಮರದ ತೊಗಟೆ ಸುಲಿಯಬೇಡಿ. ಸುತ್ತಲೂ ಸುಲಿದ ಮರ ಒಣಗಿ ಸಾಯುತ್ತದೆ. ಹೊಟ್ಟು, ಸಿಪ್ಪೆ, ಚೊಗರು ಎಲ್ಲವೂ ಇನ್ನೊಂದು ಕೆಲಸದಲ್ಲಿ ಉಳಿದ ವಸ್ತುಗಳು. ನಮಗೆ ಅಷ್ಟೇ ಸಾಕು.
- ಬರಿ ಮೈಗೆ ತಾಕುವ ಪಟ್ಟಿ, ಚಪ್ಪಲಿಗಳನ್ನು ಬೆವರು ತಾಕುವ ಮೊದಲು ಮೇಣ ಹಚ್ಚಿ ಒಂದು ವಾರ ಬಿಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬಿಸಿ ಬಣ್ಣಕ್ಕೆ ಹಾಕುವುದು. ನನ್ನ ಮೊದಲ ಪಾಠವೂ ಇದೇ. ಬಟ್ಟೆಯ ಅಭ್ಯಾಸದಲ್ಲಿ, ಒಲೆಯಿಂದ ಆಗಷ್ಟೇ ಇಳಿಸಿದ ಹಲಸಿನ ಬಣ್ಣಕ್ಕೆ ಬೆಲ್ಟಿನ ಪಟ್ಟಿಯೊಂದನ್ನು ಬಿಟ್ಟೆ. ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಅದು ಮುರುಟಿಕೊಂಡಿತು, ಮತ್ತೆ ನೇರವಾಗಲೇ ಇಲ್ಲ. ಹಸಿ ತೊಗಲಿನ ಪ್ರೋಟೀನು 60 ಡಿಗ್ರಿ ದಾಟುತ್ತಿದ್ದಂತೆ ಕುಗ್ಗತೊಡಗುತ್ತದೆ. ಗಿಡದ ಹದ ಅದಕ್ಕಿಂತ ಸ್ವಲ್ಪ ಹೆಚ್ಚು ತಾಳುವ ಶಕ್ತಿ ಕೊಡುತ್ತದೆ, ಅಷ್ಟೇ. 45 ಡಿಗ್ರಿ ದಾಟಬೇಡಿ.

ಕಬ್ಬಿಣ ಹೆಚ್ಚಾಗುವುದು. ಕಪ್ಪು ಬೇಗ ಬರಲೆಂದು ಚಮಚಗಟ್ಟಲೆ ಅನ್ನಭೇದಿ ಸುರಿಯುವವರಿದ್ದಾರೆ. ಆ ದಿನ ಬಣ್ಣ ಚೆಂದವಾಗಿಯೇ ಕಾಣುತ್ತದೆ. ಒಳಗೆ ಉಳಿದ ಕಬ್ಬಿಣ ಮತ್ತು ಹುಳಿ ತಿಂಗಳುಗಟ್ಟಲೆ ಕೆಲಸ ಮಾಡುತ್ತಲೇ ಇದ್ದು, ಮಡಿಸುವ ಜಾಗದಲ್ಲಿ ತೊಗಲು ಬಿರಿಯುತ್ತದೆ.

ಸೋಡಾ ಹಾಕುವುದು. ಹತ್ತಿ ಬಟ್ಟೆಯನ್ನು ವಾಷಿಂಗ್ ಸೋಡಾದಲ್ಲಿ ಕುದಿಸುವುದು ವಾಡಿಕೆ. ಗಿಡದಲ್ಲಿ ಹದವಾದ ತೊಗಲು ಸ್ವಭಾವದಿಂದಲೇ ತುಸು ಹುಳಿ. ಕ್ಷಾರ ತಾಕಿದರೆ ಒಗರು ಕಳಚಿ ಹೊರಬರುತ್ತದೆ, ತೊಗಲು ಕಪ್ಪಾಗಿ ಬಿರುಸಾಗುತ್ತದೆ. ಕಬ್ಬಿಣದ ನಂತರ ಒರೆಸಿದ ತೆಳು ಅಡುಗೆ ಸೋಡಾ ಬಿಟ್ಟರೆ ಬೇರೆ ಸೋಡಾ ಹತ್ತಿರ ತರಬೇಡಿ.

ಕಬ್ಬಿಣದ ಕಣ ಹಾರುವುದು. ಕತ್ತರಿ ಸಾಣೆ ಹಿಡಿದ ಮೇಜು, ತುಕ್ಕು ಹಿಡಿದ ಕ್ಲಿಪ್ಪು, ಕಬ್ಬಿಣದ ನೀರು ತಾಕಿದ ಕೈ ಇವುಗಳಿಂದ ಹಳದಿ ತೊಗಲಿನ ಮೇಲೆ ಕಪ್ಪು ಚುಕ್ಕಿ ಬೀಳುತ್ತದೆ. ತುಮಕೂರಿನ ಹಿರೇಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ, ಲೋಹ ಉಜ್ಜುವ ಕೆಲಸ ನಡೆಯುವ ಶೆಡ್ಡಿನ ಪಕ್ಕದಲ್ಲಿ ಒದ್ದೆ ತೊಗಲು ಒಣಗಲು ಹಾಕಬೇಡಿ.

ಬಿಸಿಲಿಗೆ ಒಣಹಾಕುವುದು. ಮೇಲ್ಮೈ ಬೇಗ ಆರಿ ಒಳಗಿನ ನೀರು ಬಣ್ಣವನ್ನೂ ಒಗರನ್ನೂ ಮೇಲಕ್ಕೆ ಎಳೆದು ತರುತ್ತದೆ. ಅಂಚು ಕಪ್ಪಾಗಿ, ನಡುವೆ ಬಿಳಿಚಿಕೊಂಡು, ತೊಗಲು ಸೆಟೆಯುತ್ತದೆ.

ಹೊಲಿದ ಮೇಲೆ ಬಣ್ಣ ಹಾಕುವುದು. ಗೋಂದು ಬಿದ್ದ ಜಾಗಕ್ಕೆ ಬಣ್ಣ ಇಳಿಯುವುದಿಲ್ಲ. ಕತ್ತರಿಸಿ, ತೂತು ಹೊಡೆದು, ಬಣ್ಣ ಹಾಕಿ, ಆಮೇಲೆ ಹೊಲಿಯಿರಿ.

ನಿಂತಿತೋ ಇಲ್ಲವೋ?

ಮಾರುವ ಅಥವಾ ಯಾರಿಗಾದರೂ ಕೊಡುವ ಮೊದಲು ಎರಡು ಪರೀಕ್ಷೆ ಮಾಡಿ. ಬಿಳಿ ಹತ್ತಿ ಬಟ್ಟೆಯಿಂದ ಹತ್ತು ಸಲ ಒಣದಾಗಿ, ಹತ್ತು ಸಲ ಒದ್ದೆಯಾಗಿ ತಿಕ್ಕಿ. ಒಣ ಬಟ್ಟೆಗೆ ಬಣ್ಣ ಹತ್ತಬಾರದು. ಒದ್ದೆ ಬಟ್ಟೆಗೆ ತೆಳು ನೆರಳು ಹತ್ತಿದರೆ ಇನ್ನೊಂದು ಸಲ ತೊಳೆದು ಮೇಣ ಹಚ್ಚಿ. ಎರಡನೆಯದು ಬಿಸಿಲಿನ ಪರೀಕ್ಷೆ. ಅದೇ ಬಣ್ಣದ ಚೂರಿನ ಅರ್ಧಕ್ಕೆ ರಟ್ಟು ಕಟ್ಟಿ ಕಿಟಕಿಯಲ್ಲಿ ಎರಡು ವಾರ ಇಡಿ. ಎರಡು ಅರ್ಧಗಳ ನಡುವೆ ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ. ಗಿಡದ ಹದದ ತೊಗಲು ಬೆಳಕಿಗೆ ತಾನೂ ಕಂದಾಗುತ್ತ ಹೋಗುವುದರಿಂದ ಹಲಸಿನ ಹಳದಿ ಕ್ರಮೇಣ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಅದು ದೋಷವಲ್ಲ, ತೊಗಲಿನ ವಯಸ್ಸು.

ಕೊನೆಯದಾಗಿ ಒಂದು ಅಭ್ಯಾಸ. ಪ್ರತಿ ಸಲ ಎರಡು ಬೆರಳಗಲದ ಒಂದು ಚೂರಿಗೂ ಅದೇ ಬಣ್ಣ ಹಾಕಿ. ಒಳಮೈಯಲ್ಲಿ ದಿನಾಂಕ, ತೂಕ, ನೀರು ಎಲ್ಲಿಯದು, ಬಂಧಕ ಎಷ್ಟು, ಎಷ್ಟು ಹೊತ್ತು ಎಂದು ಬಾಲ್‌ಪೆನ್ನಿನಲ್ಲಿ ಬರೆದು, ತೂತು ಹೊಡೆದು ದಾರಕ್ಕೆ ಪೋಣಿಸಿ. ನನ್ನ ದಾರದಲ್ಲಿ ಮುರುಟಿದ ಆ ಬೆಲ್ಟಿನ ತುದಿಯೇ ಮೊದಲ ಚೂರು. ಅದರ ಪಕ್ಕದಲ್ಲಿ ಮಳೆ ನೀರಿನ ಹಳದಿ, ಬೋರ್‌ವೆಲ್ ನೀರಿನ ಮಂಕು ಹಳದಿ, ಮೂರು ಸಲ ಚೊಗರು ಕುಡಿದ ಕಂದು ಎಲ್ಲ ಸಾಲಾಗಿವೆ. ತಂಗಡಿ ಚಕ್ಕೆಯ ನೀರನ್ನು ನಾಲಿಗೆಗೆ ತಾಕಿಸಿ ಒಗರು ಸಾಕೋ ಸಾಲದೋ ಹೇಳುತ್ತಿದ್ದ ಹಿರಿಯರಿಗೆ ಈ ದಾರ ಬೇಕಿರಲಿಲ್ಲ. ಅವರಿಗೆ ಅದು ಬಾಯಲ್ಲೂ ಕೈಯಲ್ಲೂ ಇತ್ತು. ನಮ್ಮ ಕೈಗೆ ಆ ಲೆಕ್ಕ ಬರುವವರೆಗೆ ಬರೆದಿಟ್ಟುಕೊಳ್ಳೋಣ.